ನಲವತ್ತೊಂಬತ್ತನೆಯವರು

೩ ಜೂನ್, ಬುಧವಾರ
ಸಂಶೋಧನಾ ಕೇಂದ್ರ

ಗುಬ್ಬಿ,

ನಿನ್ನೆ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಆಸ್ಪತ್ರೆಯಲ್ಲಿ ಎಡತೋಳಿಗೆ ಮೊದಲ ಚುಚ್ಚುಮದ್ದು ಹಾಕಿದರು. ಅದಕ್ಕೆ ಮುಂಚೆ ಆರು ಟ್ಯೂಬ್ ರಕ್ತ ತೆಗೆದರು. ಗಡ್ಡೆ ತೆಗೆದ ಅಂಗಾಲು ಒಣಗಿದೆ. ತೊಡೆಸಂದಿನ ಹೊಲಿಗೆ ಬಿಚ್ಚಿದ್ದಾರೆ. ಜ್ವರವಿಲ್ಲ.

ಫೋನ್‌ನಲ್ಲಿ ನಮ್ಮಿಬ್ಬರ ಮಾತು ಮೂರನೇ ನಿಮಿಷಕ್ಕೆ ಜಗಳವಾಗುತ್ತದೆ. ಈ ಕಾಡಿನಲ್ಲಂತೂ ಮೊಬೈಲ್ ಸಿಗ್ನಲ್ ಇಲ್ಲ, ಫೋನ್ ಇರುವುದು ಮ್ಯಾನೇಜರ್ ಮೇಜಿನ ಮೇಲೆ ಮಾತ್ರ, ಅವರ ಕಿವಿ ಅದಕ್ಕಿಂತ ದೊಡ್ಡದು. ಆದ್ದರಿಂದ ಬರೆಯುತ್ತೇನೆ. ಬುಧವಾರ, ಶನಿವಾರ ಸಾಮಾನಿನ ಗಾಡಿ ಬರುತ್ತದೆ, ಅಂಚೆಯೂ ಅದರಲ್ಲೇ.

ವಿಷಯ ಇಷ್ಟು. ನನ್ನಂತೆ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡವರನ್ನು ಎರಡು ಪಾಲು ಮಾಡಿದ್ದಾರೆ. ಒಂದು ಪಾಲಿಗೆ ಗಡ್ಡೆ ಮರಳದಂತೆ ತಡೆಯುವ ಹೊಸ ಲಸಿಕೆ, ಇನ್ನೊಂದಕ್ಕೆ ಉಪ್ಪುನೀರು. ಯಾರಿಗೆ ಯಾವುದೆಂದು ನಮಗೂ ಗೊತ್ತಿಲ್ಲ, ಚುಚ್ಚುವ ಸಿಸ್ಟರ್‌ಗೂ ಗೊತ್ತಿಲ್ಲ. ಪ್ರಯೋಗ ಬೇಡವೆನಿಸಿದರೆ ಹಳೆಯ ಔಷಧಿ ಇದೆ. ಅದು ಮೈಯನ್ನು ಹಿಂಡುತ್ತದೆ, ಕೈಬೆರಳು ಶಾಶ್ವತವಾಗಿ ಜೋಮು ಹಿಡಿಯಬಹುದು. ಆದರೆ ಅದನ್ನು ಆಗಸ್ಟ್ ೩೧ರೊಳಗೆ ಶುರುಮಾಡಬೇಕು. ಆಮೇಲೆ ಮಾಡಿದರೆ ಮಾಡಿದ ಸಮಾಧಾನವಷ್ಟೇ. ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ. ನನ್ನ ಕೆಲಸ ನಡೆಯುವುದು ಬೆರಳಿನಿಂದ. ಅದಕ್ಕೇ ಪ್ರಯೋಗಕ್ಕೆ ಸಹಿ ಹಾಕಿದೆ.

ಕಾಯುವ ಕೋಣೆಯಲ್ಲಿ ಪಕ್ಕದ ಕುರ್ಚಿಯವರು ಬಸ್ ಡ್ರೈವರ್. ಅವರಿಗೂ ಇದೇ ಗಡ್ಡೆ, ಕಿವಿಯ ಹಿಂದೆ. ನಾನೇನು ಕೆಲಸ ಮಾಡುತ್ತೇನೆಂದು ಕೇಳಿದರು. ಜಿಗಿಹುಳುಗಳು ಜೊತೆ ಹುಡುಕುವುದನ್ನು ಅಧ್ಯಯನ ಮಾಡುತ್ತೇನೆ ಅಂದೆ. "ಹಾಗಂದ್ರೆ ಹುಳಗಳ ಮದುವೆ ದಲ್ಲಾಳಿ ಅನ್ನಿ. ಕಮಿಷನ್ ಯಾರು ಕೊಡ್ತಾರೆ, ಹೆಣ್ಣಿನ ಕಡೆಯವರಾ?" ಅಂದರು. ಇಡೀ ಕೋಣೆ ನಕ್ಕಿತು.

ಇನ್ನೊಂದು ತಮಾಷೆ ಕೇಳು. ನಮ್ಮ ರಕ್ತವೆಲ್ಲ ನಿನ್ನ ಊರಿಗೇ, ನಿನ್ನ ಲ್ಯಾಬಿಗೇ ಬರುತ್ತದಂತೆ. ನನಗಿಂತ ಮೊದಲು ಅದು ನಿನ್ನನ್ನು ನೋಡುತ್ತದೆ. ನನ್ನ ನಂಬರ್ ೪೬. ಕಂಡರೆ ಚೆನ್ನಾಗಿ ಮಾತಾಡಿಸು.

ಅಕ್ಕ

10 ಜೂನ್

ಅಕ್ಕಾ,

ನಂಬರ್ ಹೇಳಬಾರದಿತ್ತು. ಆ ಸಾಲನ್ನು ನಾನು ಓದಿಯೇ ಇಲ್ಲ ಎಂದುಕೋ.

ಇಲ್ಲಿ ಒಂದು ಫಾರಂ ಇದೆ. ಸಂಬಂಧಿಕರು ಪ್ರಯೋಗದಲ್ಲಿದ್ದರೆ ತುಂಬಿ ಕೊಡಬೇಕು. ಕೊಟ್ಟರೆ ನನ್ನನ್ನು ಈ ಕೆಲಸದಿಂದ ತೆಗೆದು ಗಾಜು ತೊಳೆಯುವ ಕೋಣೆಗೆ ಹಾಕುತ್ತಾರೆ. ನಾನು ಇನ್ನೂ ಕೊಟ್ಟಿಲ್ಲ. ಬರುವ ಟ್ಯೂಬ್‌ಗಳ ಮೇಲೆ ಹೆಸರಿಲ್ಲ, ಬರೀ ಅಂಕಿ. ಹೆಸರಿಲ್ಲದ ಮೇಲೆ ಸಂಬಂಧ ಎಲ್ಲಿಂದ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ನೀನು ಯಾವಾಗಲೂ ಕೇಳುತ್ತೀಯ, ದಿನವಿಡೀ ಏನು ಮಾಡ್ತೀಯ ಅಂತ. ಅಂಗೈಯಗಲದ ಒಂದು ಪ್ಲಾಸ್ಟಿಕ್ ಪ್ಲೇಟು, ಅದರಲ್ಲಿ ತೊಂಬತ್ತಾರು ಸಣ್ಣ ಗುಳಿ. ಗುಳಿಯಲ್ಲಿ ರಕ್ತದ ಬಿಳಿಕಣ ಹಾಕಿ, ಗಡ್ಡೆಯ ಒಂದು ತುಣುಕನ್ನು ತೋರಿಸುತ್ತೇವೆ. ಲಸಿಕೆ ಪಾಠ ಕಲಿಸಿದ್ದರೆ ಕಣ ಅದನ್ನು ಗುರುತು ಹಿಡಿಯುತ್ತದೆ. ಗುರುತು ಹಿಡಿದ ಪ್ರತಿಯೊಂದು ಕಣಕ್ಕೂ ತಳದಲ್ಲಿ ಒಂದು ನೀಲಿ ಚುಕ್ಕಿ ಏಳುತ್ತದೆ. ನಾನು ಚುಕ್ಕಿ ಎಣಿಸುತ್ತೇನೆ. ಯಂತ್ರವೂ ಎಣಿಸುತ್ತದೆ, ಆದರೆ ನಮ್ಮ ಲ್ಯಾಬಿನ ಮೇಡಂಗೆ ಯಂತ್ರಕ್ಕಿಂತ ನನ್ನ ಕಣ್ಣಿನ ಮೇಲೆ ನಂಬಿಕೆ. ಹನ್ನೊಂದು ವರ್ಷದಲ್ಲಿ ಒಂದು ಅಂಕಿ ತಪ್ಪಿಲ್ಲ ಎಂದು ಹೊಸಬರಿಗೆ ನನ್ನನ್ನು ತೋರಿಸುತ್ತಾರೆ, ಪ್ರಾಣಿಸಂಗ್ರಹಾಲಯದಲ್ಲಿ ತೋರಿಸಿದ ಹಾಗೆ.

ಊಟ ಸರಿಯಾಗಿ ಮಾಡು. ಹುಳ ಹುಡುಕುತ್ತಾ ಒಬ್ಬಳೇ ಕಣಿವೆಗೆ ಇಳಿಯಬೇಡ.

ಗುಬ್ಬಿ

೨೬ ಜೂನ್

ಗುಬ್ಬಿ,

ಎರಡನೇ ಚುಚ್ಚುಮದ್ದು ಮಂಗಳವಾರ ಆಯಿತು. ನನ್ನ ತೋಳಿಗೆ ಏನೂ ಆಗಿಲ್ಲ. ಊತವಿಲ್ಲ, ಕೆಂಪಿಲ್ಲ. ಡ್ರೈವರ್ ಸಾಹೇಬರ ತೋಳು ನಿಂಬೆಹಣ್ಣಿನಷ್ಟು ಊದಿದೆ. ಅಂಗಿ ಮಡಚಿ ಎಲ್ಲರಿಗೂ ತೋರಿಸಿದರು. "ಹುಳದ ಮೇಡಂ, ನೋಡಿ, ನನಗೆ ಅಸಲಿ ಮಾಲೇ ಬಿದ್ದಿದೆ. ನಿಮಗೆ ಪಾಪ ಉಪ್ಪುನೀರು. ಅಡುಗೆಗಾದ್ರೂ ಇಟ್ಕೊಳ್ಳಿ." ನಾನು ನಕ್ಕೆ. ಮರಳುವ ದಾರಿಯಲ್ಲಿ ಗಾಡಿ ಅಲುಗಿದಾಗಲೆಲ್ಲ ತೊಡೆಸಂದಿಗೆ ಕೈ ಹೋಗುತ್ತಿತ್ತು. ಗಂಟೇನಾದರೂ ಸಿಗುತ್ತದೆಯೇ ಎಂದು. ಈಗ ಅದು ಅಭ್ಯಾಸವಾಗಿಬಿಟ್ಟಿದೆ. ಸಭೆಯಲ್ಲಿ ಕೂಡ ಮೇಜಿನ ಕೆಳಗೆ ಮುಟ್ಟಿ ನೋಡಿಕೊಳ್ಳುತ್ತೇನೆ.

ಕೆಲಸ ಚೆನ್ನಾಗಿದೆ. ಗಂಡು ಜಿಗಿಹುಳು ಕಾಂಡದ ಮೇಲೆ ಕೂತು ಹೊಟ್ಟೆ ನಡುಗಿಸುತ್ತದೆ. ಆ ನಡುಕ ಗಿಡದೊಳಗೇ ಹರಿಯುತ್ತದೆ, ಹೊರಗೆ ಕೇಳಿಸುವುದಿಲ್ಲ. ಕಾಂಡಕ್ಕೆ ಕೂದಲಿನಷ್ಟು ತೆಳುವಾದ ತಂತಿ ಅಂಟಿಸಿ ನಾವು ಕದ್ದು ಕೇಳುತ್ತೇವೆ. ಹೆಣ್ಣಿಗೆ ಒಪ್ಪಿಗೆಯಾದರೆ ಒಂದು ಚಿಕ್ಕ ಸದ್ದು. ನಾವು ಅದಕ್ಕೆ "ಹೂಂ" ಎಂದೇ ಹೆಸರಿಟ್ಟಿದ್ದೇವೆ. ಈ ವರ್ಷ ಗೊತ್ತಾದದ್ದು ಇದು: ಅದೇ ಕಾಂಡದ ಮೇಲೆ ಎಲ್ಲೋ ಜೇಡ ನಡೆದರೆ ಹೆಣ್ಣು ಹೂಂ ಅನ್ನುವುದಿಲ್ಲ. ಕೇಳಿಸಿಕೊಂಡೂ ಸುಮ್ಮನಿರುತ್ತದೆ. ಗಂಡು ಪಾಪ, ಇಷ್ಟವಾಗಲಿಲ್ಲವೇನೋ ಎಂದು ಹಾರಿಹೋಗುತ್ತದೆ.

ಜೊತೆಗೆ ಕೆಲಸ ಮಾಡುವ ಸಂಶೋಧಕಿ ಮೇಲೆ ಮೊನ್ನೆ ಕೂಗಾಡಿದೆ. ಯಾವ ಧ್ವನಿಮುದ್ರಣ ಜೇಡವಿದ್ದ ಗಿಡದ್ದು ಎಂದು ಮೊದಲೇ ಚೀಟಿ ನೋಡಿಕೊಂಡು ಆಮೇಲೆ ಅಂಕ ಕೊಟ್ಟಿದ್ದಳು. ನಲವತ್ತು ಧ್ವನಿಮುದ್ರಣ ಅಳಿಸಿಹಾಕಿಸಿದೆ. "ಒಂದೇ ಒಂದ್ಸಲ ನೋಡ್ದೆ ಮೇಡಂ," ಅಂದಳು. ನೋಡಿದ ಮೇಲೆ ನೋಡಿಲ್ಲವೆಂದು ಮಾಡಲು ಬರುವುದಿಲ್ಲ ಅಂದೆ.

ಅಕ್ಕ

8 ಜುಲೈ
(ಕಳಿಸುವುದಕ್ಕಲ್ಲ)

ಅಕ್ಕಾ,

ಓದಿದೆ. ಆ ಸಾಲನ್ನು ಓದಿದ್ದೆ. ಓದದೆ ಇರಲು ಹೇಗೆ ಸಾಧ್ಯ?

ಇವತ್ತು 49ರ ಪ್ಲೇಟು ಬಂತು. ಕಿಟಕಿಯ ಪರದೆ ಸರಿಪಡಿಸುವ ನೆಪದಲ್ಲಿ ಎದ್ದು ನಿಂತೆ. ಮತ್ತೆ ಕೂತು ನೋಡಿದೆ. ಖಾಲಿ. ಕಣ ಬದುಕಿದೆಯೇ ಎಂದು ಪರೀಕ್ಷಿಸಲು ಕೊನೆಯ ಸಾಲಿನಲ್ಲಿ ಎಂಥ ಕಣವನ್ನಾದರೂ ಕೆರಳಿಸುವ ಮದ್ದು ಹಾಕಿರುತ್ತೇವೆ. ಆ ಸಾಲು ನೀಲಿಗಟ್ಟಿದೆ. ಅಂದರೆ ನಿನ್ನ ಕಣಗಳು ಸತ್ತಿಲ್ಲ, ಶಕ್ತಿಯೂ ಇದೆ. ಗಡ್ಡೆಯನ್ನು ತೋರಿಸಿದರೆ ಮಾತ್ರ ಯಾರೋ ದಾರಿಹೋಕರನ್ನು ಕಂಡಂತೆ ಸುಮ್ಮನಿವೆ.

ಒಂದೇ ಚುಚ್ಚುಮದ್ದಿನ ನಂತರದ ರಕ್ತ ಇದು. ಈಗ ಖಾಲಿ ಇರುವುದು ಅಪರೂಪವೇನಲ್ಲ. ಮುಂದಿನದರಲ್ಲಿ ಇರಬಾರದು. ಇದನ್ನು ಸಾವಿರ ಸಲ ಹೇಳಿಕೊಂಡೆ.

ಮೇಡಂ ಬಂದು ಬೆನ್ನ ಹಿಂದೆ ನಿಂತರು. "ಏನ್ರೀ, ಒಂದೇ ಪ್ಲೇಟನ್ನ ಇಷ್ಟೊತ್ತು ನೋಡ್ತಿದ್ದೀರಿ?" ಧೂಳು ಮೇಡಂ, ಅಂದೆ.

8 ಜುಲೈ

ಅಕ್ಕಾ,

29ರ ನಿನ್ನ ಪತ್ರ ತಲುಪಿತು. ಇಲ್ಲಿ ಎಲ್ಲ ಸೌಖ್ಯ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಪ್ಲಂಬರ್ ಬಂದು ಇನ್ನೂ ಚೆನ್ನಾಗಿ ಸೋರುವ ಹಾಗೆ ಮಾಡಿಹೋದ. ಕೆಲಸ ಮಾಮೂಲು. ತೋಳು ಊದದಿದ್ದರೆ ಯೋಚನೆ ಮಾಡಬೇಡ, ಊತಕ್ಕೂ ಲಸಿಕೆ ಸಿಕ್ಕಿದ್ದಕ್ಕೂ ಸಂಬಂಧವಿಲ್ಲ.

ಗುಬ್ಬಿ

೧೮ ಜುಲೈ

ಗುಬ್ಬಿ,

ಆರು ಸಾಲು. ಅದರಲ್ಲಿ ಮೂರು ಪ್ಲಂಬರ್‌ಗೆ.

ಚಿಕ್ಕಂದಿನಲ್ಲಿ ನಾನು ಕಥೆ ಹೇಳುವಾಗ ನೀನು ಹೂಂಗುಟ್ಟಬೇಕಿತ್ತು. ಹೂಂ ನಿಂತರೆ ನಿದ್ದೆ ಬಂತೆಂದು ನಾನು ಕಥೆ ನಿಲ್ಲಿಸುತ್ತಿದ್ದೆ. ಒಂದು ಸಲ ಮಾತ್ರ ನೀನು ಎಚ್ಚರವಿದ್ದೂ ಸುಮ್ಮನಾಗಿದ್ದೆ. ಅಪ್ಪನ ಶಾಯಿ ಬಾಟಲಿ ಒಡೆದ ದಿನ. ಅದಕ್ಕೇ ಕೇಳುತ್ತಿದ್ದೇನೆ.

ಅಮ್ಮನ ಹೊಲಿಗೆಯಂತ್ರವನ್ನು ಎದುರುಮನೆಯವರಿಗೆ ಕೊಟ್ಟದ್ದಕ್ಕೆ ಕೋಪ ಇನ್ನೂ ಹೋಗಿಲ್ಲವೇ? ಹೋಗಿಲ್ಲದಿದ್ದರೆ ಬೈದು ಬರೆ. ಅದಲ್ಲದಿದ್ದರೆ ನಿನಗೇ ಏನೋ ಆಗಿದೆ. ಅಮ್ಮನಿಗೆ ಆಯಿತು, ನನಗೆ ಆಯಿತು, ನೀನು ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದೀಯಾ? ಏನಾದರೂ ಸಿಕ್ಕಿ, ನನಗೆ ಹೆದರಿಕೆಯಾಗಬಾರದೆಂದು ಮುಚ್ಚಿಡುತ್ತಿದ್ದೀಯಾ? ನಿನ್ನೆ ಇಡೀ ದಿನ ಇದೇ ಯೋಚನೆ. ತಂತಿ ಅಂಟಿಸುವಾಗ ಗಮನ ತಪ್ಪಿ ಒಂದು ಕಾಂಡ ಮುರಿದೆ. ನನ್ನ ಪಾಲಿನ ಹೆದರಿಕೆಯನ್ನು ನಾನು ಹೇಗೋ ಹೊರುತ್ತೇನೆ. ನಿನ್ನದನ್ನು ಊಹಿಸಿ ಹೊರುವುದು ಆಗುವುದಿಲ್ಲ.

ಮಂಗಳವಾರ ಮೂರನೇ ಚುಚ್ಚುಮದ್ದು ಮುಗಿಯಿತು. ಡ್ರೈವರ್ ಸಾಹೇಬರಿಗೆ ಡಾಕ್ಟರು ಹಳೆಯ ಔಷಧಿಯ ವಿಷಯ ಮತ್ತೆ ನೆನಪಿಸಿದರಂತೆ. "ಬೆರಳು ಜೋಮು ಹಿಡಿದ್ರೆ ಸ್ಟೀರಿಂಗ್ ಹಿಡಿಯೋದು ಯಾರು, ನಿಮ್ಮ ಕಾಂಪೌಂಡರ್ ಬರ್ತಾನಾ?" ಎಂದು ಕೇಳಿ ಬಂದರಂತೆ. ಮಗಳು ಓದು ಮುಗಿಸಲು ಇನ್ನೂ ಎರಡು ವರ್ಷವಿದೆ.

ಜೇಡ ಎಲ್ಲಿದೆ, ಹೇಳು.

ಅಕ್ಕ

29 ಜುಲೈ

ಅಕ್ಕಾ,

ನನಗೇನೂ ಆಗಿಲ್ಲ. ಅಮ್ಮನಾಣೆ.

ನೀನು ಪ್ರಯೋಗದಿಂದ ಹೊರಗೆ ಬಾ. ಹಳೆಯ ಔಷಧಿ ತೆಗೆದುಕೋ. ಕಾರಣ ಕೇಳಬೇಡ. ಬೆರಳು ಹೋದರೆ ನಾನಿದ್ದೇನೆ, ತಂತಿ ನಾನು ಬಂದು ಅಂಟಿಸಿಕೊಡುತ್ತೇನೆ. 31ರೊಳಗೆ.

ಈ ಪತ್ರ ಇಟ್ಟುಕೊಳ್ಳಬೇಡ.

ಗುಬ್ಬಿ

೫ ಆಗಸ್ಟ್

ಗುಬ್ಬಿ,

ನಿನ್ನೆ ನಾಲ್ಕನೇ ಚುಚ್ಚುಮದ್ದು ಹಾಕಿಸಿಕೊಂಡು ಇವತ್ತು ಮಧ್ಯಾಹ್ನ ಕೇಂದ್ರಕ್ಕೆ ಬಂದೆ. ಶನಿವಾರ ನಾನು ಹೊರಟ ಮೇಲೆ ಬಂದ ನಿನ್ನ ಪತ್ರ ಕೋಣೆಯ ಬಾಗಿಲಡಿ ಬಿದ್ದಿತ್ತು. ಚೀಲ ಹೆಗಲಲ್ಲಿರುವಾಗಲೇ ಓದಿದೆ. ಆಮೇಲೆ ಚೀಲ ಇಳಿಸಲು ಮರೆತು ಹಾಗೇ ಮಂಚದ ಮೇಲೆ ಕೂತಿದ್ದೆನಂತೆ. ಅಡುಗೆಯವರು ಊಟಕ್ಕೆ ಕರೆಯಲು ಬಂದು, "ಮೇಡಂ, ಹೊರಟಿದ್ದೀರಾ, ಬಂದಿದ್ದೀರಾ?" ಎಂದು ಕೇಳಿದರು.

ಕಾರಣ ಕೇಳುವುದಿಲ್ಲ. ಕೇಳುವ ಅಗತ್ಯವಿಲ್ಲ. ನೀನು ಎಣಿಸುವುದು ಒಂದನ್ನೇ.

ಮೊದಲು ಸಿಟ್ಟು ಬಂತು. ನೀನು ನೋಡಬಾರದಿತ್ತು. ನಂಬರ್ ಕೊಟ್ಟವಳು ನಾನೇ ಎಂದು ನೆನಪಾಗಿ ಸಿಟ್ಟು ಇಳಿಯಿತು. ಆಮೇಲೆ ಉಳಿದದ್ದು ಬರೀ ಹೆದರಿಕೆ. ನಿನ್ನೆ ಸಿಸ್ಟರ್ "ನಲವತ್ತಾರು" ಎಂದು ಕೂಗಿದಾಗ ನಾನು ನಗುತ್ತಲೇ ಒಳಗೆ ಹೋಗಿದ್ದೆ. ನಲವತ್ತಾರರ ತೋಳಿಗೆ ಸೂಜಿ ಚುಚ್ಚುವಾಗ ನೀನು ಬರೆದದ್ದು ಆಗಲೇ ಇಲ್ಲಿ ಬಾಗಿಲಡಿ ಇತ್ತು. ತೊಡೆಸಂದನ್ನು ಈಗ ಮುಟ್ಟುತ್ತಿಲ್ಲ. ಮುಟ್ಟಲು ಧೈರ್ಯವಿಲ್ಲ.

೨೫ನೇ ತಾರೀಕು ಮುಂದಿನ ಸರದಿ. ಅವತ್ತು ಹೊರಬರುವ ಕಾಗದಕ್ಕೆ ಸಹಿ ಹಾಕಿ, ಮಾರನೇ ದಿನವೇ ಹಳೆಯ ಔಷಧಿ ಶುರುಮಾಡಿಸಿಕೊಳ್ಳುತ್ತೇನೆ. ಈ ವರ್ಷದ ಉಳಿದ ಗಿಡಗಳಿಗೆ ತಂತಿ ಅಂಟಿಸುವುದನ್ನು ಅಷ್ಟರೊಳಗೆ ಮುಗಿಸುತ್ತೇನೆ. ಬೆರಳು ಇರುವಾಗಲೇ.

ಅಕ್ಕ

11 ಆಗಸ್ಟ್

ಅಕ್ಕಾ,

ಸಹಿ ಹಾಕಬೇಡ. ಮೊದಲು ಇದನ್ನು ಪೂರ್ತಿ ಓದು.

ನಿನ್ನ ಪತ್ರದಲ್ಲಿ ನಲವತ್ತಾರು ಎಂದು ಅಕ್ಷರದಲ್ಲಿ ಬರೆದಿದ್ದೀಯ. ಎರಡು ಸಲ. ಜೂನ್ ಪತ್ರ ತೆಗೆದು ನೋಡಿದೆ. ನೀನು ಅಪ್ಪ ಕಲಿಸಿದ ಕನ್ನಡ ಅಂಕಿ ಬಿಟ್ಟಿಲ್ಲ, ನಾನು ಬಿಟ್ಟು ಇಪ್ಪತ್ತು ವರ್ಷವಾಯಿತು. ನಿನ್ನ ಆರರ ಬಾಲ ಸುತ್ತಿಕೊಂಡು ಹೋಗಿ ಒಂಬತ್ತರ ಹಾಗೇ ಕಾಣುತ್ತದೆ. ಎರಡನೇ ಪತ್ರದ ತಾರೀಕನ್ನೂ ನಾನು 29 ಎಂದೇ ಓದಿದ್ದೆ. ಅಂಚೆಮುದ್ರೆಯಲ್ಲಿ 27 ಎಂದಿದೆ. ನೀನು ಬರೆಯುವ ಮೊದಲೇ ಅಂಚೆಯವರು ಮುದ್ರೆ ಒತ್ತಲಾರರು. ಹನ್ನೊಂದು ವರ್ಷದಲ್ಲಿ ಒಂದು ಅಂಕಿ ತಪ್ಪದ ಕಣ್ಣು ನನ್ನದು.

ನಾನು ಒಂದು ತಿಂಗಳಿಂದ ನೋಡುತ್ತಿದ್ದದ್ದು 49. ಎರಡು ಸಲವೂ ಪೂರ್ತಿ ಖಾಲಿ. ಅದು ನೀನಲ್ಲ.

ನಿಮ್ಮ ಕಚೇರಿಗೆ ಎರಡು ಸಲ ಫೋನ್ ಮಾಡಿದೆ. ಮ್ಯಾನೇಜರ್ ಎತ್ತಿ, "ಏನು ವಿಷಯ ಹೇಳಿ, ನಾನೇ ತಿಳಿಸ್ತೀನಿ," ಅಂದರು. ಇಟ್ಟುಬಿಟ್ಟೆ.

ಆಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆ. 46ರ ಹಳೆಯ ಎಣಿಕೆ ತೆಗೆದು ನೋಡಿದೆ. ಅದನ್ನು ಎಣಿಸಿದವಳೂ ನಾನೇ, ಯಾರದೋ ಎಂದುಕೊಂಡು ಎಣಿಸಿ ಮರೆತಿದ್ದೆ. ಗುಳಿ ತುಂಬ ಚುಕ್ಕಿ, ಅಕ್ಕಾ. ಒಂದೊಂದರಲ್ಲೂ ಇನ್ನೂರರ ಮೇಲೆ. ಈ ಪ್ರಯೋಗದಲ್ಲಿ ನಾನು ಕಂಡ ಅತ್ಯಂತ ಒಳ್ಳೆಯ ಪ್ಲೇಟು ನಿನ್ನದು. ಚುಕ್ಕಿ ಬಂದವರಿಗೆಲ್ಲ ರೋಗ ಮರಳುವುದಿಲ್ಲ ಎಂದು ಹೇಳಲು ನನಗೆ ಹಕ್ಕಿಲ್ಲ. ಆದರೆ ಲಸಿಕೆ ನಿನಗೆ ಬಿದ್ದಿದೆ, ಕೆಲಸ ಮಾಡುತ್ತಿದೆ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಸುಮ್ಮನಿದ್ದುಬಿಡು. ಇನ್ನೂ ಐದು ಚುಚ್ಚುಮದ್ದು ಬಾಕಿ ಇವೆ. ನಮ್ಮ ವಿಷಯ ಹೊರಗೆ ಬಂದರೆ ನನ್ನ ಕೆಲಸ ಹೋಗುತ್ತದೆ, ಹೋಗಲಿ. ಆದರೆ ತಮ್ಮ ಫಲಿತಾಂಶ ತಿಳಿದುಕೊಂಡವರನ್ನು ಪ್ರಯೋಗದಿಂದ ತೆಗೆಯುತ್ತಾರೆ, ನಿಯಮದಲ್ಲೇ ಇದೆ. ಆ ಐದು ನಿನಗೆ ಸಿಗುವುದಿಲ್ಲ.

49 ಯಾರೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಅದು ನೀನಲ್ಲವೆಂದು ತಿಳಿದಾಗ ನಾನು ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕೆ. ಜೋರಾಗಿ ನಕ್ಕೆ. ಆ ನಗು ನೆನಪಾದರೆ ಈಗ ನಾಚಿಕೆಯಾಗುತ್ತದೆ. ಒಲೆಗೆ ಹಾಕು ಇದನ್ನು.

ಗುಬ್ಬಿ

೧೬ ಆಗಸ್ಟ್, ಭಾನುವಾರ

ಗುಬ್ಬಿ,

ನಿನ್ನ ಪತ್ರ ನಿನ್ನೆಯ ಗಾಡಿಯಲ್ಲಿ ಬಂತು. ಇದನ್ನು ಬುಧವಾರ ಕೊಡುತ್ತೇನೆ, ಶುಕ್ರವಾರ ನಿನಗೆ ತಲುಪಬೇಕು.

ಇನ್ನೂರು ಚುಕ್ಕಿ ಎಂದು ಓದಿ ಬಾಗಿಲು ಹಾಕಿಕೊಂಡು ಅತ್ತೆ, ಅಳುತ್ತಲೇ ನಕ್ಕೆ. ನೀನು ನಕ್ಕದ್ದಕ್ಕೆ ನಾಚಬೇಡ, ನಾನೂ ಅದನ್ನೇ ಮಾಡಿದೆ. ಸುಮಾರು ಒಂದು ಗಂಟೆ ನಾನು ಸಂತೋಷವಾಗಿದ್ದೆ.

ಆಮೇಲೆ ನಿನ್ನ ಪತ್ರದ ಇನ್ನೊಂದು ಅಂಕಿ ಕಣ್ಣಿಗೆ ಬಿತ್ತು.

ಕಾಯುವ ಕೋಣೆಯಲ್ಲಿ ಸಿಸ್ಟರ್ ನಂಬರ್ ಕೂಗುತ್ತಾರೆ. ನನ್ನ ನಂತರ ನಲವತ್ತೇಳು ಬರುವುದಿಲ್ಲ, ಅವರು ಊರು ಬಿಟ್ಟರಂತೆ. ನಲವತ್ತೆಂಟು ಒಬ್ಬ ಅಜ್ಜಿ. ಅದಾದ ಮೇಲೆ ಪ್ರತಿ ಸಲವೂ ಒಬ್ಬರು ಕುರ್ಚಿಯಿಂದ ಎದ್ದು ಅಂಗಿ ಮಡಚುತ್ತಾ, "ಐವತ್ತಕ್ಕೆ ಒಂದು ಕಮ್ಮಿ, ಹಾಜರ್!" ಎನ್ನುತ್ತಾರೆ. ಯಾರೆಂದು ನಿನಗೆ ಗೊತ್ತಾಗಿರಬೇಕು. ಊದಿದ ತೋಳಿನವರು. ಅಸಲಿ ಮಾಲು ಬಿದ್ದಿದೆ ಎಂದು ನಂಬಿ ಔಷಧಿ ಬೇಡವೆಂದವರು. ಊತ ಸೂಜಿಯಿಂದಲೂ ಬರುತ್ತದೆ, ಉಪ್ಪುನೀರಿನಿಂದಲೂ ಬರುತ್ತದೆ. ಅದನ್ನು ಅವರಿಗೆ ಯಾರೂ ಹೇಳಿಲ್ಲ, ಹೇಳಿದರೂ ಅವರು ನಗುತ್ತಾರೆ.

ನೀನು ಯಾರೋ ಎಂದು ಬರೆದೆ. ನಿನಗೆ ಯಾರೋ ಆಗಿರಬಹುದು. ನನ್ನ ಪಕ್ಕದ ಕುರ್ಚಿಯವರು, ಕಳೆದ ಸಲ ತಮ್ಮ ಮಗಳ ಅಂಕಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದು ನನಗೆ ತೋರಿಸಿದವರು. "ಲೆಕ್ಕದಲ್ಲಿ ಕಮ್ಮಿ ಬಂದಿದೆ, ಆದ್ರೆ ಭಂಡ ಧೈರ್ಯದಲ್ಲಿ ನೂರಕ್ಕೆ ನೂರು, ನನ್ನ ಹಾಗೇ," ಅಂದರು.

ನಿನ್ನೆಯಿಂದ ಎಲ್ಲ ಲೆಕ್ಕ ಹಾಕಿದೆ. ಸುಮ್ಮನಿದ್ದರೆ ನನಗೆ ಐದು ಚುಚ್ಚುಮದ್ದು, ನಿನಗೆ ಕೆಲಸ. ಸೆಪ್ಟೆಂಬರ್‌ನಲ್ಲಿ ಅವರ ಪಕ್ಕ ಕೂರಬೇಕು, ಅವರ ಜೋಕಿಗೆ ನಗಬೇಕು. ನವೆಂಬರ್‌ನಲ್ಲಿ ಒಂದು ಸಲ ಸಿಸ್ಟರ್ ನಲವತ್ತೊಂಬತ್ತು ಎಂದು ಕೂಗಿ ಯಾರೂ ಏಳದಿದ್ದರೆ, ಅದನ್ನೂ ಕೇಳಬೇಕು. ಹಾಗಾಗದೆಯೂ ಇರಬಹುದು ಎಂದು ನನಗೆ ನಾನೇ ವಾದಿಸಿದೆ. ಖಾಲಿ ಪ್ಲೇಟು ಎಂದರೆ ಸಾವಲ್ಲ. ಆದರೆ ಅವರ ಮುಂದೆ ಒಂದು ಔಷಧಿ ಇದೆ, ತಾರೀಕು ಇದೆ, ಆ ತಾರೀಕು ಹತ್ತಿರ ಬರುತ್ತಿದೆ. ಅವರ ಪ್ಲೇಟು ಖಾಲಿ ಎಂದು ಬಲ್ಲವರು ಪ್ರಪಂಚದಲ್ಲಿ ನಾವಿಬ್ಬರೇ.

ಡಾಕ್ಟರರಿಗೆ ಹೆಸರಿಲ್ಲದ ಪತ್ರ ಬರೆದರೆ ಹೇಗೆ ಎಂದೂ ಯೋಚಿಸಿದೆ. ವಿಚಾರಣೆ, ಸಮಿತಿ, ಸಭೆ. ೩೧ ದಾಟಿಹೋಗುತ್ತದೆ.

ನನಗೆ ತುಂಬ ಹೆದರಿಕೆಯಾಗುತ್ತಿದೆ, ಗುಬ್ಬಿ. ಶಸ್ತ್ರಚಿಕಿತ್ಸೆಯ ದಿನ ಇಷ್ಟು ಆಗಿರಲಿಲ್ಲ. ಇನ್ನೂರು ಚುಕ್ಕಿ ಸಾಕೋ, ಉಳಿದ ಐದು ಇಲ್ಲದೆ ಅವು ಅಳಿಸಿಹೋಗುತ್ತವೋ, ನಿನ್ನನ್ನು ಕೇಳಬೇಕೆನಿಸುತ್ತದೆ. ನಿನಗೂ ಗೊತ್ತಿಲ್ಲವೆಂದು ಗೊತ್ತು. ನಾನೂ ೩೧ರೊಳಗೆ ಹಳೆಯ ಔಷಧಿಗೆ ಹೋಗಬೇಕಾದೀತು. ಈ ಕಾಗದ ಬರೆಯುವಾಗ ಹತ್ತು ಬೆರಳನ್ನೂ ಒಂದೊಂದಾಗಿ ಮೇಜಿಗೆ ಒತ್ತಿ ನೋಡಿದೆ. ಎಲ್ಲವಕ್ಕೂ ಮರದ ಗೀರುಗಳು ತಿಳಿಯುತ್ತಿವೆ.

ಸೋಮವಾರ, ೨೪ರಂದು, ಬೆಳಿಗ್ಗೆಯೇ ನಿನ್ನ ಮೇಡಂ ಹತ್ತಿರ ಹೋಗು. ಫಾರಂ, ನಂಬರ್, ಪತ್ರಗಳು, ಎಲ್ಲ ನೀನೇ ಹೇಳು. ಬೇರೆಯವರ ಬಾಯಿಂದ ಅವರಿಗೆ ತಿಳಿಯುವುದು ಬೇಡ. ನೀನು ಹೋಗದಿದ್ದರೂ ನನ್ನ ತೀರ್ಮಾನ ಬದಲಾಗುವುದಿಲ್ಲ, ಸಿಟ್ಟೂ ಮಾಡುವುದಿಲ್ಲ.

ಮಂಗಳವಾರ ಒಂಬತ್ತಕ್ಕೆ ಕಾಯುವ ಕೋಣೆ ತೆರೆಯುತ್ತದೆ. ಅವರು ಸಾಮಾನ್ಯವಾಗಿ ಒಂಬತ್ತೂ ಹತ್ತಕ್ಕೆ ಬರುತ್ತಾರೆ, ಮೊದಲ ಟ್ರಿಪ್ ಮುಗಿಸಿ, ಯೂನಿಫಾರಂನಲ್ಲೇ. ಸಿಸ್ಟರ್ ಕೂಗಲು ಶುರುಮಾಡುವುದು ಒಂಬತ್ತೂವರೆಗೆ. ನಡುವೆ ಇಪ್ಪತ್ತು ನಿಮಿಷ ಸಿಗುತ್ತದೆ. ಅವರನ್ನು ಹೊರಗಿನ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಹೇಳುತ್ತೇನೆ.

ಅಕ್ಕ